ಗೆರೆಯಂಚಿನ ಕೂಗು

ಫೆಬ್ರವರಿ 8, ಶನಿವಾರ

‘ತುಳಿದ ಕಡೆಯೇ ಹುಲ್ಲು ದಟ್ಟವಾಗಿ ಬರುತ್ತದೆ.’ ಎಲ್ಲಿ ಓದಿದ್ದು ಇದನ್ನು? ಎಂ.ಎ. ದಿನಗಳಲ್ಲಿ ಗ್ರಂಥಾಲಯದಿಂದ ತಂದ ಯಾವುದೋ ಕವನ ಸಂಕಲನದ್ದಿರಬೇಕು. ‘ದಟ್ಟವಾಗಿ’ ಎಂದಿತ್ತೋ ‘ಹಸಿರಾಗಿ’ ಎಂದಿತ್ತೋ, ಅದೂ ಸರಿಯಾಗಿ ನೆನಪಿಲ್ಲ. ಆಗ ದೊಡ್ಡ ಮಾತು ಅನ್ನಿಸಿತ್ತು. ಇವತ್ತು ಫುಟ್‌ಬಾಲ್ ಮೈದಾನದಲ್ಲಿ ಕೂತು ಯೋಚಿಸಿದೆ, ಆ ಕವಿ ಒಮ್ಮೆಯಾದರೂ ಗೋಲಿನ ಮುಂದಿನ ನೆಲವನ್ನು ನೋಡಿದ್ದರೇ ಎಂದು. ನಮ್ಮ ನೀಲಿ ತಂಡದ ಗೋಲಿನ ಮುಂದೆ ಈ ಸೀಸನ್ ಪೂರ್ತಿ ತುಳಿದದ್ದೇ ತುಳಿದದ್ದು. ಅಲ್ಲಿ ಒಂದು ಎಸಳು ಹುಲ್ಲಿಲ್ಲ, ಬರೀ ಕೆಸರು. ಎದುರಾಳಿಗಳೆಲ್ಲ ಅಲ್ಲೇ ಬಿಡಾರ ಹೂಡಿದರೆ ಇನ್ನೇನಾಗುತ್ತದೆ?

ಇವತ್ತೂ ಸೋತೆವು. ಸೊನ್ನೆಗೆ ಮೂರು. ಅಂಕಪಟ್ಟಿಯಲ್ಲಿ ನಮಗಿಂತ ಕೆಳಗೆ ಒಂದೇ ಒಂದು ತಂಡವಿದೆ. ಮೇ ತಿಂಗಳಲ್ಲಿ ಲೀಗ್ ಮುಗಿದಾಗ ತಳದ ಮೂವರು ಕೆಳಗಿನ ದರ್ಜೆಗೆ ಇಳಿಯಬೇಕು. ಈ ಆಟ ನೋಡಿದರೆ ಈಗಲೇ ಗಂಟುಮೂಟೆ ಕಟ್ಟಬಹುದು.

ತಪ್ಪು ಆಟಗಾರರದ್ದಲ್ಲ, ಡಿಸೆಂಬರಿನಲ್ಲಿ ಬಂದ ಈ ಹೊಸ ಕೋಚ್‌ನದು. ಆ ಮನುಷ್ಯ ಆಟದುದ್ದಕ್ಕೂ ಗೆರೆಯಂಚಿನಲ್ಲಿ ನಿಂತು ಕೂಗುತ್ತಾನೆ. ‘ಪಾಸ್ ಕೊಡು! ಹಿಂದೆ ಬಾ! ಅಲ್ಲ, ಆ ಕಡೆ!’ ಕೈಗಳಂತೂ ಗಾಳಿಯಂತ್ರದ ರೆಕ್ಕೆಯ ಹಾಗೆ. ಚೆಂಡು ಕಾಲಿಗೆ ಬಂದ ಕೂಡಲೇ ನಮ್ಮ ಹುಡುಗರು ಮಾಡುವ ಮೊದಲ ಕೆಲಸ, ತಲೆ ಎತ್ತಿ ಅವನ ಮುಖ ನೋಡುವುದು. ನೋಡಿ ಮುಗಿಯುವಷ್ಟರಲ್ಲಿ ಚೆಂಡು ಬೇರೆಯವರ ಪಾಲು. ಆಡುವವನಿಗೆ ಯೋಚಿಸಲು ಒಂದು ಉಸಿರಿನಷ್ಟು ಜಾಗವನ್ನಾದರೂ ಬಿಡಬೇಡವೇ?

ಪಕ್ಕದ ಅಮ್ಮನ ಸೀಟಿನ ಮೇಲೆ ಕೋಟು, ಚೀಲ ಎರಡನ್ನೂ ಇಟ್ಟುಕೊಂಡಿದ್ದೆ, ಬೇರೆ ಯಾರೂ ಬಂದು ಕೂರದ ಹಾಗೆ.

ಮನೆಗೆ ಬಂದರೆ ಅಮ್ಮ ಪಂದ್ಯದ ವಿವರಣೆ ಕೇಳಿದ ರೇಡಿಯೋ ಆರಿಸದೆ ಕೂತಿದ್ದಳು. “ಏನಂತೆ ನಿನ್ನ ಟ್ರಾಫಿಕ್ ಪೊಲೀಸು?” ಅಂದಳು. ಅವಳು ಕೋಚ್‌ನನ್ನು ಇನ್ನೂ ಕಣ್ಣಾರೆ ನೋಡಿಲ್ಲ. ನಾನು ಅವನ ಕೈಬೀಸಾಟ ಮಾಡಿ ತೋರಿಸಿದ್ದನ್ನು ನೋಡಿಯೇ ಆ ಹೆಸರಿಟ್ಟದ್ದು. ನವೆಂಬರಿನಲ್ಲಿ ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಮೂಳೆ ಕೂಡಿಕೊಂಡಿತು, ‘ಇನ್ನು ನಡೆಯುವುದು ನಿಮ್ಮ ಕೈಲಿದೆ’ ಎಂದು ಡಾಕ್ಟರು ಹೇಳಿ ಕಳಿಸಿದರು. ಅಮ್ಮ ಮಾತ್ರ ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ. ನಾವಿರುವುದು ಮೂರನೇ ಮಹಡಿ, ಲಿಫ್ಟ್ ಇಲ್ಲ.

ಸಂಜೆ ತಮ್ಮನ ಫೋನು. ಅವನದು ಮೆಟ್ಟಿಲಿಲ್ಲದ ಮನೆ, ಇಲ್ಲಿಂದ ರೈಲಿನಲ್ಲಿ ಒಂದು ಇಡೀ ಹಗಲಿನ ದಾರಿ. “ಅಕ್ಕಾ, ಮೇವರೆಗೂ ನೋಡೋಣ. ಅಷ್ಟೊತ್ತಿಗೂ ಮೆಟ್ಟಿಲು ಹತ್ತಿ ಇಳಿಯೋಕೆ ಆಗ್ಲಿಲ್ಲ ಅಂದ್ರೆ ಅಮ್ಮನ್ನ ನಾನು ಕರ್ಕೊಂಡು ಬರ್ತೀನಿ. ಆ ಗೂಡಲ್ಲಿ ಎಷ್ಟು ದಿನ ಅಂತ ಕೂರಿಸ್ತೀಯಾ?” ಅಂದ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಅಮ್ಮನಿಗೆ ಹೇಳಿದೆ. ರೇಡಿಯೋ ಶಬ್ದ ಹೆಚ್ಚು ಮಾಡಿದಳು.

ನಾಳೆಯಿಂದ ನಾನೇ ಅಮ್ಮನನ್ನು ನಡೆಸುತ್ತೇನೆ. ಶಿಸ್ತಾಗಿ.


ಫೆಬ್ರವರಿ 11, ಮಂಗಳವಾರ

ಪಡಸಾಲೆಯ ಚಪ್ಪಲಿ ಸ್ಟ್ಯಾಂಡು, ಪತ್ರಿಕೆಯ ರಾಶಿ ಎಲ್ಲ ತೆಗೆದು ದಾರಿ ಬಿಡಿಸಿದ್ದೇನೆ. ಬೆಳಿಗ್ಗೆ ಪ್ರೆಸ್ಸಿಗೆ ಕರಡು ತಿದ್ದಲು ಹೊರಡುವ ಮುಂಚೆ ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ. ನಾನು ಎದುರಿಗೆ ನಿಂತು ಹೇಳುತ್ತೇನೆ. ಹಿಮ್ಮಡಿ ಮೊದಲು ಊರು. ಬೆನ್ನು ನೇರ. ನೆಲ ನೋಡಬೇಡ. ಅಲ್ಲಮ್ಮ, ಆ ಕಾಲು. ಈಗ ವಾಕರ್ ಮುಂದೆ. ಇಷ್ಟು ದೂರ ಅಲ್ಲ.

ಅಮ್ಮನಿಗೆ ಏಕಾಗ್ರತೆಯೇ ಇಲ್ಲ. ಒಂದು ಕಾಲು ಎತ್ತಿದವಳು ಅದನ್ನು ಊರುವ ಮುಂಚೆ ನನ್ನ ಮುಖ ನೋಡುತ್ತಾಳೆ. ಹಾಗೆ ನೋಡಿದಾಗಲೆಲ್ಲ ವಾಲುತ್ತಾಳೆ. “ನನ್ನ ಯಾಕೆ ನೋಡ್ತೀಯಾ, ಮುಂದೆ ನೋಡು” ಅಂದರೆ, “ಮುಂದೆ ನೀನೇ ಇದೀಯಲ್ಲೇ” ಅನ್ನುತ್ತಾಳೆ.


ಫೆಬ್ರವರಿ 19, ಬುಧವಾರ

ಫಿಸಿಯೋ ಹುಡುಗಿ ವಾರಕ್ಕೆ ಎರಡು ಸಲ ಬರುತ್ತಾಳೆ. ಇವತ್ತು ರಜೆ ಹಾಕಿ ಮನೆಯಲ್ಲಿದ್ದೆ, ಅವಳು ಏನು ಮಾಡಿಸುತ್ತಾಳೆ ನೋಡೋಣವೆಂದು. ಏನೂ ಇಲ್ಲ. ಅಮ್ಮನ ಪಕ್ಕದಲ್ಲಿ, ತುಸು ದೂರ ಬಿಟ್ಟು ನಡೆಯುತ್ತಾ ತನ್ನ ಸ್ಕೂಟರು ಕೆಟ್ಟ ಕಥೆ ಹೇಳುತ್ತಿದ್ದಳು. ‘ಬೆನ್ನು ಬಗ್ಗಿದೆ’ ಎಂದು ನಾನು ಎರಡು ಸಲ ತೋರಿಸಿದೆ.

“ಮೇಡಂ, ತಪ್ಪು ತಿಳ್ಕೋಬೇಡಿ, ನೀವು ಸ್ವಲ್ಪ ಹೊತ್ತು ಒಳಗಿರ್ತೀರಾ?” ಅಂದಳು.

ಒಳಗೆ ಹೋಗಿ ಟೀ ಮಾಡಿದೆ. ಟೀ ಕೇಳಿದವರಾರೂ ಇರಲಿಲ್ಲ. ಪಡಸಾಲೆಯಿಂದ ಇಬ್ಬರ ನಗು ಬರುತ್ತಿತ್ತು. ವ್ಯಾಯಾಮದಲ್ಲಿ ನಗುವುದಕ್ಕೇನಿದೆ?


ಫೆಬ್ರವರಿ 22, ಶನಿವಾರ

ಸೋಲು. ಒಂದಕ್ಕೆ ಎರಡು. ನಮ್ಮ ಎಡಗಡೆಯ ಡಿಫೆಂಡರ್, ಎಲ್ಲರೂ ಉದ್ದಕಾಲ ಅನ್ನುವ ಹುಡುಗ, ಹಿಂದಕ್ಕೆ ಕೊಟ್ಟ ಒಂದು ಪಾಸು ಮೊಟಕಾಯಿತು, ಅವರು ಗೋಲು ಹೊಡೆದರು. ಕೋಚ್ ಆ ಕ್ಷಣವೇ ಅವನನ್ನು ಹೊರಗೆ ಕರೆಸಿದ. ಹುಡುಗ ಬೆಂಚಿನ ಕೊನೆಯಲ್ಲಿ ಅಂಗಿಯನ್ನು ಮುಖದ ಮೇಲೆ ಎಳೆದುಕೊಂಡು ಕೂತ. ನನಗೆ ಮೈಯೆಲ್ಲ ಉರಿಯಿತು. ಒಂದು ಎಡವಟ್ಟಿಗೆ ಹೊರಗೆ ಕೂರಿಸಿದರೆ ಅವನ ಕಾಲಿಗೆ ಧೈರ್ಯ ಬರುವುದು ಯಾವಾಗ? ಇದು ಕೋಚಿಂಗ್ ಅಲ್ಲ, ಶಿಕ್ಷೆ.

ಮೆಟ್ಟಿಲು ಹತ್ತುವಾಗ ಎದುರುಮನೆಯ ದರ್ಜಿಯಕ್ಕ ಸಿಕ್ಕಳು. ಬೆಳಕಿಗೆಂದು ಬಾಗಿಲು ತೆರೆದಿಟ್ಟುಕೊಂಡೇ ಹೊಲಿಯುತ್ತಾಳೆ, ಹಾಗಾಗಿ ಅವಳ ಕಣ್ಣು ತಪ್ಪಿಸಿ ಮನೆ ಸೇರುವುದು ಸಾಧ್ಯವಿಲ್ಲ. ನದಿಯಾಚೆಯ ಹಳದಿ ಅಂಗಿಯ ತಂಡದ ಕಡೆಯವಳು ಬೇರೆ.

“ಏನ್ ಮೇಡಂ, ನಿಮ್ ನೀಲಿಯೋರಿಗೆ ಮುಂದಿನ ವರ್ಷಕ್ಕೆ ಅಳತೆ ತಗೊಳ್ಳಾ? ಕೆಳಗಿನ ದರ್ಜೆಗೆ ಇಳಿದ್ರೆ ಅಂಗಿ ಚಿಕ್ಕದಾಗುತ್ತೋ ಏನೋ.”

“ನಿಮ್ಮೋರಿಗೆ ಮೊದ್ಲು ಗುಂಡಿ ಹೊಲೀರಿ ಅಕ್ಕ, ಹೋದ ವಾರ ಎಲ್ಲಾ ಬಿಚ್ಕೊಂಡು ಬಿದ್ದಿತ್ತು” ಅಂದೆ. ಹೇಳಿದ ಮೇಲೆ ಮೆಟ್ಟಿಲು ಸ್ವಲ್ಪ ಹಗುರಾಯಿತು.


ಫೆಬ್ರವರಿ 24, ಸೋಮವಾರ

ಬೆಳಿಗ್ಗೆ ಅಮ್ಮ ತಪ್ಪು ಕಾಲು ಮುಂದಿಟ್ಟು ಮುಗ್ಗರಿಸಿದಳು. ಗೋಡೆ ಸಿಕ್ಕಿತು, ಏನೂ ಆಗಲಿಲ್ಲ. ಓಡಿಹೋಗಿ ಅವಳನ್ನು ಕುರ್ಚಿಗೆ ತಂದು ಕೂರಿಸಿದೆ. ಈ ವಾರ ನಡಿಗೆ ಬೇಡ, ಕುರ್ಚಿಯಲ್ಲೇ ಕೂತು ಕಾಲು ಚಾಚುವುದು ಸಾಕು ಎಂದೆ. ಅಮ್ಮ ಶಾಲನ್ನು ಮುಖದವರೆಗೆ ಎಳೆದುಕೊಂಡಳು. ಅವಳಿಗೆ ಚಳಿ ಜಾಸ್ತಿ.


ಮಾರ್ಚ್ 8, ಶನಿವಾರ

ಹಳದಿಯವರ ಮೇಲಿನ ಪಂದ್ಯ. ಇಷ್ಟು ಕೂಗಿದ್ದು ನೆನಪೇ ಇಲ್ಲ. ಎಲ್ಲವನ್ನೂ ಕೋಚ್‌ಗೇ ಕೂಗಿದೆ. “ಸುಮ್ನೆ ಕೂತ್ಕೊಳ್ಳೋ! ಆಡೋಕೆ ಬಿಡೋ ಅವರನ್ನ!” ನನ್ನ ಮುಂದಿನ ಸಾಲಿನವರು ತಿರುಗಿ ನೋಡಿದರು. ಕನ್ನಡಕ ಹಾಕಿದ, ಚೀಲದಲ್ಲಿ ಕವನದ ಪುಸ್ತಕ ಇಟ್ಟುಕೊಂಡ ಹೆಂಗಸು ಹೀಗೆ ಅರಚುವುದನ್ನು ಅವರು ನೋಡಿರಲಿಕ್ಕಿಲ್ಲ.

ಆಟ ಮುಗಿಯುವ ಮುಂಚೆ ಕೋಚ್ ಗೆರೆ ದಾಟಿ ಮೈದಾನದೊಳಕ್ಕೇ ನುಗ್ಗಿ ಉದ್ದಕಾಲನ ಜಾಗಕ್ಕೆ ಬಂದಿದ್ದ ಹುಡುಗನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಹೌದು, ಆಟ ನಡೆಯುತ್ತಿರುವಾಗ! ರೆಫ್ರಿ ಕೆಂಪು ಕಾರ್ಡ್ ತೋರಿಸಿದ. ಕೆಲವು ಪಂದ್ಯ ಅವನು ಗೆರೆಯ ಹತ್ತಿರವೂ ಸುಳಿಯುವಂತಿಲ್ಲ, ಪ್ರೇಕ್ಷಕರ ನಡುವೆ ಕೂರಬೇಕು. ಸೋತರೂ ನನಗೆ ಅರ್ಧ ಗೆದ್ದಷ್ಟು ಸಮಾಧಾನ.

ಗಂಟಲು ಪೂರ್ತಿ ಹೋಗಿದೆ.


ಮಾರ್ಚ್ 9, ಭಾನುವಾರ

ಗಂಟಲಿಂದ ಗಾಳಿ ಬಿಟ್ಟರೆ ಏನೂ ಬರುವುದಿಲ್ಲ. ಆದರೂ ಅಭ್ಯಾಸ ತಪ್ಪಿಸಬಾರದೆಂದು ಅಮ್ಮನನ್ನು ಎಬ್ಬಿಸಿದೆ. ಎದುರು ನಿಂತು ಪ್ರಯೋಜನವಿಲ್ಲ, ಮಾತೇ ಇಲ್ಲವಲ್ಲ. ಹಿಂದೆ ಹಿಂದೆ ನಡೆದೆ.

ಅಮ್ಮ ಪಡಸಾಲೆ ದಾಟಿದಳು. ಅಡುಗೆಮನೆ ಹೊಕ್ಕಳು. ಕಿಟಕಿಯವರೆಗೆ ಹೋಗಿ ಸರಳು ಹಿಡಿದು ನಿಂತಳು. “ಎದುರುಗಡೆ ಕಟ್ಟಡಕ್ಕೆ ಬಣ್ಣ ಹೊಡೆದಿದಾರಲ್ಲೇ! ಯಾವಾಗ ಹೊಡೆದ್ರು? ಎಂಥಾ ಬಣ್ಣ ಅದು, ಔಷಧಿ ಬಾಟ್ಲಿ ಹಾಗೆ” ಅಂದಳು. ನವೆಂಬರಿನಿಂದ ಈಚೆಗೆ ಅವಳು ಆ ಕಿಟಕಿ ನೋಡಿರಲಿಲ್ಲ.

ಹೊಸ ಚಪ್ಪಲಿಯ ಮಹಿಮೆ. ಹೋದ ವಾರ ತಂದ ರಬ್ಬರ್ ಅಡಿಯದು, ಹಿಡಿತ ಚೆನ್ನಾಗಿದೆ. ಇನ್ನೊಂದು ಜೊತೆ ತಂದಿಡಬೇಕು.


ಮಾರ್ಚ್ 13, ಗುರುವಾರ

ಗಂಟಲು ಸರಿಹೋಯಿತು. ಅಮ್ಮನ ನಡಿಗೆ ಮತ್ತೆ ಹಿಂದಕ್ಕೆ ಬಿತ್ತು. ಪಡಸಾಲೆಯ ಮಧ್ಯದಲ್ಲೇ ನಿಂತುಬಿಟ್ಟಳು. ಚಪ್ಪಲಿ ಇಷ್ಟು ಬೇಗ ಸಡಿಲವಾಯಿತೇ? ಅಂಗಡಿಯವನಿಗೆ ಹೇಳಬೇಕು.


ಮಾರ್ಚ್ 22, ಶನಿವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಕೋಚ್ ನನ್ನಿಂದ ಎರಡು ಸಾಲು ಕೆಳಗೆ, ಸ್ವಲ್ಪ ಬಲಕ್ಕೆ ಬಂದು ಕೂತ. ಗುರುತು ಹಿಡಿದವರು ಒಂದೆರಡು ಮಾತು ಎಸೆದರು. ಅವನು ತಿರುಗಲಿಲ್ಲ. ದೂರದಿಂದ ಎಷ್ಟು ದೊಡ್ಡದಾಗಿ ಕಾಣುತ್ತಿದ್ದ! ಹತ್ತಿರದಿಂದ ಸಾಧಾರಣ ಗಾತ್ರದ ಮನುಷ್ಯ, ಕುತ್ತಿಗೆಯ ಹಿಂದೆ ಕ್ಷೌರದ ಗೆರೆ ಓರೆಯಾಗಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು, ಹೆಂಡತಿಯೋ ಅಕ್ಕನೋ.

ಆಟ ಶುರುವಾಯಿತು. ನಾನು ಮೈದಾನ ನೋಡಿದ್ದಕ್ಕಿಂತ ಅವನನ್ನು ನೋಡಿದ್ದೇ ಹೆಚ್ಚು. ತುಟಿ ಅಲುಗುತ್ತಲೇ ಇತ್ತು. ಕೊಡು, ಕೊಡು, ಬಾ, ಬಾ. ಶಬ್ದವಿಲ್ಲ. ಕೈಯಲ್ಲಿದ್ದ ಕಾಫಿಯ ಕಾಗದದ ಲೋಟವನ್ನು ಹಿಸುಕಿ ಹಿಸುಕಿ ಚಪ್ಪಟೆ ಮಾಡಿ, ಅದನ್ನೂ ಮಡಚಿ, ಮತ್ತೆ ಮಡಚಿದ. ಸಹಾಯಕ ಕೋಚ್ ಉದ್ದಕಾಲನನ್ನು ಮತ್ತೆ ಆಟಕ್ಕೆ ಇಳಿಸಿದ್ದ. ಆ ಹುಡುಗನ ಕಾಲಿಗೆ ಮೊದಲ ಸಲ ಚೆಂಡು ಬಂದಾಗ ಈ ಮನುಷ್ಯ ಕಣ್ಣು ಮುಚ್ಚಿಕೊಂಡ. ಆ ಹೆಂಗಸು ಅವನ ಮೊಣಕಾಲಿನ ಮೇಲೆ ಕೈ ಇಟ್ಟಳು.

ಉದ್ದಕಾಲ ತಲೆ ಎತ್ತಿ ಗೆರೆಯಂಚಿನ ಕಡೆ ನೋಡಿದ, ಅಭ್ಯಾಸಬಲದಿಂದ. ಅಲ್ಲಿ ಯಾರೂ ಕೂಗುತ್ತಿರಲಿಲ್ಲ. ಒಂದು ಕ್ಷಣ ಗಲಿಬಿಲಿಯಾದ. ಆಮೇಲೆ ತಾನೇ ಚೆಂಡನ್ನು ಮುಂದಕ್ಕೆ ತಳ್ಳಿಕೊಂಡು ಹೊರಟ. ಎಡಗಡೆಯ ಗೆರೆಗುಂಟ ಅವನು ಓಡಿದ ಓಟ! ಗೋಲೇನೂ ಆಗಲಿಲ್ಲ, ಚೆಂಡು ಹೊರಗೆ ಹೋಯಿತು. ಆದರೂ ನಾವೆಲ್ಲ ಎದ್ದು ನಿಂತಿದ್ದೆವು.

ಒಂದಕ್ಕೊಂದು ಸಮ. ಎಷ್ಟೋ ವಾರಗಳ ಮೇಲೆ ಒಂದು ಅಂಕ.

ಹೊರಗೆ ಬರುವಾಗ ಅನ್ನಿಸಿತು, ಇವನು ಹೆದರಿಕೊಂಡಿದ್ದಾನೆ. ಇಷ್ಟು ದಿನ ಅದನ್ನು ಅಹಂಕಾರ ಅಂದುಕೊಂಡಿದ್ದೆ. ಬೀಳುತ್ತಾರೆ ಎಂಬ ಹೆದರಿಕೆ. ತಾನು ಕೂಗುತ್ತಿರುವಷ್ಟು ಹೊತ್ತು ಬೀಳುವುದಿಲ್ಲ ಎಂದುಕೊಂಡಿದ್ದಾನೆ. ಪಾಪ, ಮೂರ್ಖ. ಯಾರಾದರೂ ಅವನಿಗೆ ಹೇಳಬಾರದೇ?

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. “ಲೋಟ ಮಡಚ್ತಾ ಇದ್ನಾ?” ಎಂದು ಮತ್ತೆ ಕೇಳಿದಳು. ಆಮೇಲೆ ನನ್ನ ಕೈಯನ್ನೇ ನೋಡಿದಳು. ನಾನು ಪಂದ್ಯದ ಟಿಕೆಟನ್ನು ಸುರುಳಿ ಸುತ್ತುತ್ತಿದ್ದೆ, ಸುಮ್ಮನೆ.


ಮಾರ್ಚ್ 30, ಭಾನುವಾರ

ತಮ್ಮನ ಫೋನು. ಅವನ ಸೈಕಲ್ಲು, ಹಳೆಯ ಪೆಟ್ಟಿಗೆ ಎಲ್ಲ ಹೊರಗೆ ಹಾಕಿ ಅಮ್ಮನಿಗೆ ಕೋಣೆ ಸಿದ್ಧ ಮಾಡುತ್ತಿದ್ದಾನಂತೆ. ಬಚ್ಚಲಿಗೆ ಹಿಡಿಕೆ ಕೂರಿಸಿದ್ದಾನಂತೆ. ಒಳ್ಳೆಯ ಮಗ. ಫೋನಿಟ್ಟ ಮೇಲೆ ನನಗೆ ಅಳು ಬಂತು. ಅಮ್ಮನಿಗೆ ಕೇಳಿಸದಿರಲಿ ಎಂದು ನಲ್ಲಿ ತಿರುಗಿಸಿದೆ.

“ಪಾತ್ರೆ ಏನೂ ಇಲ್ವಲ್ಲೇ ತೊಳೆಯೋಕೆ” ಎಂದು ಮಂಚದಿಂದ ಅಮ್ಮನ ದನಿ.


ಏಪ್ರಿಲ್ 2, ಬುಧವಾರ

ಜಗಳ. ಸಂಜೆಯ ನಡಿಗೆಯಲ್ಲಿ ಅಮ್ಮ ವಾಕರನ್ನು ನೆಲಕ್ಕೆ ಕುಟ್ಟಿದಳು.

“ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸ್ಕೊಂಡು ಕೂತೆ. ಊರಿನವರ ಮಾತೆಲ್ಲ ಈ ಕಿವೀಲಿ ಹೋಯ್ತು. ಅಲ್ಲಾದ್ರೂ ಒಂದು ಪಿನ್ನು ಕಿತ್ತರೆ ಲೈನು ಗಪ್‌ಚಿಪ್. ನಿನಗೆ ಪಿನ್ನೇ ಇಟ್ಟಿಲ್ವಲ್ಲೇ!”

“ನಿನ್ನ ಒಳ್ಳೇದಕ್ಕೆ ಹೇಳೋದು ನಾನು.”

“ಗೊತ್ತು. ಅದೇ ಕಷ್ಟ. ಕೆಟ್ಟದ್ದಕ್ಕೆ ಹೇಳಿದ್ರೆ ಬೈದು ಸುಮ್ನಾಗ್ತಿದ್ದೆ.”

“ಹಾಗಾದ್ರೆ ಹೋಗು, ಅವನ ಮನೇಗೇ ಹೋಗು. ಅಲ್ಲಿ ಹಿಡಿಕೆ ಹಾಕ್ಸಿದಾನೆ.”

ಈ ಮಾತು ನನ್ನ ಬಾಯಿಂದ ಬರಬಾರದಿತ್ತು. ಅಮ್ಮ ತಾನಾಗಿಯೇ ತಿರುಗಿ ಮಂಚಕ್ಕೆ ಹೋದಳು. ಯಾರೂ ಏನೂ ಹೇಳಿಕೊಡದೆ, ಎಷ್ಟು ಚೆನ್ನಾಗಿ ತಿರುಗಿದಳು.


ಏಪ್ರಿಲ್ 4, ಶುಕ್ರವಾರ

ಮಾತಿಲ್ಲ. ನಡಿಗೆಯಿಲ್ಲ. ಕವಿತೆಯೂ ರುಚಿಸುತ್ತಿಲ್ಲ.


ಏಪ್ರಿಲ್ 10, ಗುರುವಾರ

ಪ್ರೆಸ್ಸಿನಲ್ಲಿ ಮಧ್ಯಾಹ್ನವೇ ಕರೆಂಟು ಹೋಯಿತು. ಪಠ್ಯಪುಸ್ತಕದ ಕರಡುಗಳನ್ನು ಚೀಲಕ್ಕೆ ತುರುಕಿಕೊಂಡು ಬೇಗ ಹೊರಟೆ. ತಪ್ಪು ಹುಡುಕುವುದಕ್ಕೆ ನನಗೆ ಸಂಬಳ, ಮನೆಯಲ್ಲೂ ಹುಡುಕಬಹುದು.

ಮೊದಲ ಮಹಡಿಯ ತಿರುವಿಗೆ ಬಂದಾಗ ಮೇಲಿನಿಂದ ಮಾತು ಕೇಳಿಸಿತು.

“ಸೂಜಿಗೆ ದಾರ ಪೋಣಿಸೋ ಹಾಗೆ ಮೆಲ್ಲಗೆ ಇಡ್ತಿದೀರಲ್ಲಮ್ಮ. ಇವತ್ತೊಳಗೆ ಇಳಿಯೋ ಯೋಚ್ನೆ ಇದ್ಯಾ?” ದರ್ಜಿಯಕ್ಕನ ದನಿ.

“ಅವಸರ ಇದ್ರೆ ನೀನೇ ಉರುಳ್ಕೊಂಡು ಹೋಗು. ಹಳದಿಯೋರು ಉರುಳೋದ್ರಲ್ಲಿ ಗಟ್ಟಿಗರು, ಯಾರೂ ಮುಟ್ಟದೇ ಇದ್ರೂ ಬೀಳ್ತಾರೆ” ಅಂದಳು ಅಮ್ಮ.

ಕಂಬಿಗಳ ನಡುವಿನಿಂದ ತಲೆ ಎತ್ತಿ ನೋಡಿದೆ. ಅಮ್ಮ ನಮ್ಮ ಮಹಡಿಯಿಂದ ಕೆಳಗೆ, ಅರ್ಧ ದಾರಿಯಲ್ಲಿದ್ದಳು. ಒಂದು ಕೈ ಕಂಬಿಯ ಮೇಲೆ, ಒಂದು ಕೈಯಲ್ಲಿ ಕೋಲು. ವಾಕರ್ ಕಾಣಲಿಲ್ಲ. ದರ್ಜಿಯಕ್ಕ ಒಂದು ಮೆಟ್ಟಿಲು ಹಿಂದೆ, ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡು, ಬೇರೆಲ್ಲೋ ನೋಡುತ್ತಾ. ಇದು ಇವತ್ತು ಶುರುವಾದದ್ದಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಅಮ್ಮ ಬಿದ್ದದ್ದು ಅದೇ ಮೆಟ್ಟಿಲುಗಳಲ್ಲಿ.

ನನ್ನ ಬಾಯಿ ತೆರೆದಿತ್ತು. ‘ಹಿಮ್ಮಡಿ’ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

ಆಗ ಸೋಪು ತರುವುದು ನೆನಪಾಯಿತು. ಸದ್ದಾಗದ ಹಾಗೆ ಕೆಳಗಿಳಿದು ಅಂಗಡಿಗೆ ಹೋದೆ. ಅಂಗಡಿಯ ಎದುರು ಕೈ ಕಟ್ಟಿಕೊಂಡು ತುಂಬ ಹೊತ್ತು ನಿಂತಿದ್ದೆ. ವಾಪಸು ಬರುವಾಗ ಕೆಳಗಿನಿಂದಲೇ ಜೋರಾಗಿ ಕೆಮ್ಮುತ್ತಾ, ಚೀಲವನ್ನು ಕಂಬಿಗೆ ತಾಗಿಸುತ್ತಾ ಹತ್ತಿದೆ. ಅಮ್ಮ ಮಂಚದಲ್ಲಿ ಶಾಲು ಹೊದ್ದು ಕೂತಿದ್ದಳು. ಮುಖ ಕೆಂಪಗೆ, ಏದುಸಿರು.

“ಬೇಗ ಬಂದ್ಯಲ್ಲ” ಅಂದಳು.

“ಸೋಪು ತರೋದಿತ್ತು” ಅಂದೆ.

ಸೋಪು ಮನೆಯಲ್ಲಿ ಸಾಕಷ್ಟಿತ್ತು.


ಏಪ್ರಿಲ್ 12, ಶನಿವಾರ

ಗೆದ್ದೆವು! ಎರಡಕ್ಕೆ ಒಂದು!

ಕೋಚ್ ಶಿಕ್ಷೆ ಮುಗಿಸಿ ಬೆಂಚಿಗೆ ಮರಳಿದ್ದ. ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ, ಚಳಿಯಾದ ಮಗುವಿನ ಹಾಗೆ. ಒಂದು ಸಲ ಎದ್ದ, ಗೆರೆಯವರೆಗೆ ಬಂದ, ಬಾಯಿ ತೆರೆದ, ಮತ್ತೆ ಹೋಗಿ ಕೂತ. ಅಷ್ಟಕ್ಕೇ ನಮ್ಮ ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎಷ್ಟು ಕಷ್ಟ ಅದು, ಬಾಯಿ ಮುಚ್ಚಿ ಹೋಗಿ ಕೂರುವುದು. ಹೊರಗಿನವರಿಗೆ ತಿಳಿಯುವುದಿಲ್ಲ.

ಎರಡನೇ ಗೋಲಿಗೆ ಚೆಂಡು ಕೊಟ್ಟವನು ಉದ್ದಕಾಲ. ಈಗ ನಮ್ಮ ಕೆಳಗೆ ಮೂರು ತಂಡ.


ಏಪ್ರಿಲ್ 13, ಭಾನುವಾರ

ಕರಡು ಬಹಳ ಇತ್ತು. ಊಟದ ಮೇಜಿನ ಹತ್ತಿರ ಪಡಸಾಲೆಗೆ ಬೆನ್ನು ಮಾಡಿ ಕೂತು ತಿದ್ದಿದೆ. ಹಿಂದೆ ಅಮ್ಮ, ಈಗ ಮನೆಯೊಳಗೂ ಕೋಲು ಹಿಡಿದೇ, ನಡೆಯುತ್ತಿದ್ದಳು. ನನಗೆ ಆ ಕಡೆ ನೋಡಲು ಪುರುಸೊತ್ತಾಗಲಿಲ್ಲ. ಕೋಲಿನ ಟಕ್, ಚಪ್ಪಲಿಯ ಸರಕ್, ಮತ್ತೆ ಟಕ್. ಒಂದೊಂದು ಸಲ ಸದ್ದು ನಿಲ್ಲುತ್ತಿತ್ತು. ಆಗ ಪೆನ್ನು ಬಿಗಿಯಾಗುತ್ತಿತ್ತು. ಮತ್ತೆ ಟಕ್.

ಮುಗಿದ ಮೇಲೆ ನೋಡಿದರೆ ಒಂದೇ ಪುಟವನ್ನು ಮತ್ತೆ ಮತ್ತೆ ತಿದ್ದಿದ್ದೇನೆ. ಸರಿಯಿದ್ದ ಸಾಲಿನ ಮೇಲೂ ಗೆರೆ.


ಏಪ್ರಿಲ್ 29, ಮಂಗಳವಾರ

ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಎಡವಿದಳು. ನನ್ನ ಕಣ್ಣೆದುರಿಗೇ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವಳು ಬಾಗಿಲ ಚೌಕಟ್ಟು ಹಿಡಿದು ಸುಧಾರಿಸಿಕೊಂಡು ನನ್ನ ಕಡೆ ನೋಡಿದಳು, ತಪ್ಪು ಸಿಕ್ಕಿಬಿದ್ದವರ ಹಾಗೆ.

“ನಾಳೆ ನಡೆಯೋದು ಬೇಡ ಅಂತೀಯೇನೋ” ಅಂದಳು.

“ನಾಳೆ ಬೆಳಿಗ್ಗೇನಾ, ಸಂಜೇನಾ?” ಅಂದೆ.

ಅಮ್ಮ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತಳು. ಆಮೇಲೆ, “ಎರಡೂ ಹೊತ್ತು” ಅಂದಳು.

ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ಮಾತು ಬಂತು. ಹತ್ತನೇ ತಾರೀಕು ನಮ್ಮ ಮೈದಾನದಲ್ಲಿ ಈ ಸೀಸನ್ನಿನ ಕೊನೆಯ ಪಂದ್ಯ. “ನನ್ನ ಸೀಟಿಗೆ ಇನ್ನೂ ನಿನ್ನ ಕೋಟೇ ಕೂತಿದ್ಯಾ? ಅದಕ್ಕೆ ಆಟ ಅರ್ಥ ಆಗುತ್ತಾ?” ಎಂದು ಕೇಳಿದಳು. ಬರಬೇಕೆಂದಿದ್ದಾಳೆ.

ಮೆಟ್ಟಿಲು. ಮೂರು ಮಹಡಿ ಪೂರ್ತಿ. ನಾನು ಕಂಡದ್ದು ಅರ್ಧ ಮಹಡಿ ಅಷ್ಟೇ.

ಪ್ರೆಸ್ಸಿನ ಪ್ಯಾಕಿಂಗ್ ವಿಭಾಗದ ಇಬ್ಬರಿಗೆ ಆಗಲೇ ಫೋನ್ ಮಾಡಿ ಹೇಳಿದ್ದೇನೆ. ಪುಸ್ತಕದ ಕಟ್ಟು ಹೊರುವವರು, ಗಟ್ಟಿಮುಟ್ಟು. ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಾರೆ. ಅಮ್ಮನಿಗೆ ತಿಳಿಸಿದೆ. “ನಾನೇನು ಪಠ್ಯಪುಸ್ತಕನಾ?” ಅಂದಳು. ಬೇಡ ಅನ್ನಲಿಲ್ಲ.


ಮೇ 11, ಭಾನುವಾರ

ಉಳಿದುಕೊಂಡೆವು. ಒಂದಕ್ಕೆ ಸೊನ್ನೆ. ಇನ್ನೊಂದು ಪಂದ್ಯ ಹೊರ ಊರಿನಲ್ಲಿದೆ. ಅದನ್ನು ಸೋತರೂ ನಮ್ಮನ್ನು ಕೆಳಗೆ ಎಳೆಯಲು ಯಾರಿಂದಲೂ ಆಗುವುದಿಲ್ಲ. ಆಟ ಹಾಗೆ ನೋಡಿದರೆ ಸಾಧಾರಣವೇ. ಪತ್ರಿಕೆಯವರು ಬಣ್ಣ ಕಟ್ಟಿ ಬರೆದಿದ್ದಾರೆ, ಅಮ್ಮ ಬೆಳಿಗ್ಗೆಯಿಂದ ಅದನ್ನು ಗಟ್ಟಿಯಾಗಿ ಓದುತ್ತಿದ್ದಾಳೆ, ತಪ್ಪು ಹಿಡಿಯುತ್ತಾ. ಈ ಹುಟ್ಟುಗುಣ ನನಗೆ ಎಲ್ಲಿಂದ ಬಂತೆಂದು ಈಗ ತಿಳಿಯಿತು.

ಮೈದಾನದಲ್ಲಿ ನಮ್ಮ ಸಾಲು ತಲುಪುವಷ್ಟರಲ್ಲಿ ಆಟ ಶುರುವಾಗಿ ಹೋಗಿತ್ತು. ಅಮ್ಮ ಕಂಬಿ ಹಿಡಿದು ಹತ್ತುವಾಗ ನಾನು ಎದುರುಗಡೆಯ ಜಾಹೀರಾತು ಫಲಕಗಳನ್ನೆಲ್ಲ ಓದಿದೆ. ಟೈರು, ಸಿಮೆಂಟು, ಹಲ್ಲುಜ್ಜುವ ಪೇಸ್ಟು. ಸಾಲಿನವರೆಲ್ಲ ಕಾಲು ಮಡಚಿ ದಾರಿ ಬಿಟ್ಟರು. ಸೀಟಿನಲ್ಲಿ ಕೂತು, ಶಾಲು ಸರಿಪಡಿಸಿಕೊಂಡು, ಅಮ್ಮ ಮೊದಲು ಹುಡುಕಿದ್ದು ಕೋಚ್‌ನನ್ನು.

“ಯಾರು, ಅವನಾ? ಆ ಬೆಂಚಲ್ಲಿ ಕೂತಿರೋನಾ? ಪಾಪ ಕಣೇ! ರೇಡಿಯೋದಲ್ಲಿ ಎತ್ತರಕ್ಕಿದ್ದ.”

ಗೋಲಾದಾಗ ನಾನು ಕೂಗಿದೆ. ಅಮ್ಮ ಕಿವಿ ಮುಚ್ಚಿಕೊಂಡು ನಕ್ಕಳು.

ಬೆಳಿಗ್ಗೆ ತಮ್ಮ ಫೋನ್ ಮಾಡಿದ. ವಿಷಯ ಹೇಳಿದರೆ ನಂಬಲಿಲ್ಲ. ಫೋನು ಅಮ್ಮನಿಗೆ ಕೊಟ್ಟೆ. “ಆ ಕೋಣೇಲಿ ನಿನ್ನ ಸೈಕಲ್ಲೇ ಇಟ್ಕೊಳ್ಳೋ. ಬಚ್ಚಲ ಹಿಡಿಕೆ ತೆಗೀಬೇಡ, ರಜಕ್ಕೆ ಬಂದಾಗ ಬೇಕಾಗುತ್ತೆ. ನಿನಗೂ ವಯಸ್ಸಾಗ್ತಿದೆ” ಅಂದಳು. ಆ ಕಡೆ ಅವನು ನಗುತ್ತಿದ್ದನೋ ಮೂಗು ಎಳೆದುಕೊಳ್ಳುತ್ತಿದ್ದನೋ, ಎರಡೂ ಒಂದೇ ಥರ ಕೇಳಿಸುತ್ತಿತ್ತು.

ಇಷ್ಟು ಬರೆದ ಮೇಲೂ ನಿನ್ನೆ ಮಧ್ಯಾಹ್ನದ್ದು ಉಳಿದಿದೆ. ಅದನ್ನು ಬರೆಯಲೆಂದೇ ಕೂತವಳು ಬೇರೆಲ್ಲ ಬರೆದೆ.

ಶನಿವಾರವಾದ್ದರಿಂದ ಪ್ರೆಸ್ಸು ಅರ್ಧ ದಿನ. ಪ್ಯಾಕಿಂಗಿನ ಇಬ್ಬರ ಜೊತೆ ವ್ಯಾನಿನಲ್ಲಿ ಬಂದೆ. ಅವರು ವ್ಯಾನನ್ನು ಕಟ್ಟಡದ ಹಿಂದಿನ ಗೇಟಿಗೆ ನಿಲ್ಲಿಸಿದರು. ಮೆಟ್ಟಿಲು ಹತ್ತುವಾಗ ನಾನು ತಿರುಗಿ ತಿರುಗಿ ಹೇಳುತ್ತಿದ್ದೆ. “ಇಲ್ಲಿ ತಿರುವು ಕಿರಿದು. ಕುರ್ಚಿ ಓರೆ ಮಾಡಬೇಡಿ. ಈ ಮೆಟ್ಟಿಲು ಸವೆದಿದೆ, ನೋಡಿಕೊಳ್ಳಿ. ಇಲ್ಲೇ ಅವರು ಬಿದ್ದದ್ದು.” ಅವರಲ್ಲೊಬ್ಬ, “ಮೇಡಂ, ಇನ್ನೂ ಕುರ್ಚಿ ಎತ್ತಿಲ್ಲ” ಅಂದ.

ನಮ್ಮ ಮನೆಯ ಬಾಗಿಲು ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದು ನೋಡಿದೆ. ಮಂಚ ಖಾಲಿ. ಶಾಲಿಲ್ಲ, ಕೋಲಿಲ್ಲ. ವಾಕರ್ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಕಂಬಿಯ ಹತ್ತಿರ ಹೋಗಿ ಕೆಳಗೆ ಬಗ್ಗಿ ನೋಡಲೂ ಧೈರ್ಯವಿಲ್ಲದೆ ನಡುಮನೆಯಲ್ಲೇ ನಿಂತುಬಿಟ್ಟೆ.

ಆಗ ದರ್ಜಿಯಕ್ಕ ಮೆಟ್ಟಿಲು ಹತ್ತಿ ಬಂದಳು. ಸೆರಗಿಗೆ ಚುಚ್ಚಿದ ಗುಂಡುಸೂಜಿಗಳ ಸಾಲು ಹಾಗೇ ಇತ್ತು. ನಮ್ಮ ಬಾಗಿಲಿಗೆ ಕೈಯೂರಿ ನಿಂತು ಉಸಿರು ಸುಧಾರಿಸಿಕೊಂಡಳು. ನನ್ನನ್ನು ನೋಡಿದಳು, ನನ್ನ ಹಿಂದಿನ ಇಬ್ಬರು ಗಂಡಸರನ್ನು ನೋಡಿದಳು, ಅವರು ಆಗಲೇ ಎತ್ತಿಕೊಂಡಿದ್ದ ಊಟದ ಮೇಜಿನ ಕುರ್ಚಿಯನ್ನು ನೋಡಿದಳು.

“ಅಮ್ಮ ಎಲ್ಲಿ?” ಅಂದೆ.

“ಎಲ್ಲಿ ಅಂದ್ರೆ? ಮುಂದಿನ ಗೇಟಲ್ಲಿ ಟ್ಯಾಕ್ಸಿ ಹತ್ತಿ ಕೂತಿದಾರೆ. ಕಂಬಿ ಹಿಡ್ಕೊಂಡು ಅವರೇ ಇಳಿದ್ರು, ನಾನು ಸುಮ್ನೆ ಹಿಂದೆ ಹೋದೆ ಅಷ್ಟೇ. ನೀವು ಬರೋ ಹೊತ್ತಾಯ್ತು ಅಂತ ಈಗ ಮತ್ತೆ ನನ್ನ ಮೇಲಕ್ಕೆ ಓಡಿಸಿದ್ರು, ನಿಮಗೋಸ್ಕರ. ‘ನನ್ನ ಮಗಳಿಗೆ ಈ ಮೆಟ್ಟಿಲು ಕಂಡ್ರೆ ತುಂಬಾ ಭಯ, ಸ್ವಲ್ಪ ಕೈ ಹಿಡ್ಕೊಂಡು ಇಳಿಸ್ಕೊಂಡು ಬಾ’ ಅಂದ್ರು. ಕೊಡಿ ಕೈ.”